ಮನೆ ಬೆಚ್ಚಗಿರಲಿ, ಉಸಿರು ಕಟ್ಟದಿರಲಿ

(ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಗ್ರಾಮಸ್ಥರಿಗಾಗಿ ಏರ್ಪಡಿಸಿದ್ದ ಉಚಿತ ಶ್ವಾಸಕೋಶ ತಪಾಸಣಾ ಶಿಬಿರದಲ್ಲಿ ಶ್ವಾಸರೋಗ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)

 

ನೀವೆಲ್ಲ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತು ದಣಿದಿದ್ದೀರಿ. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಇಲ್ಲಿ ರೇಷ್ಮೆ ಹುಳು ಸಾಕುವವರು ಯಾರ್ಯಾರು ಇದ್ದೀರಿ, ಕೈ ಎತ್ತಿ. ಸಂತೋಷ. ನರಸೀಪುರದ ಕಡೆಯವರೇ ಹೆಚ್ಚಾಗಿ ಕಾಣುತ್ತೀರಿ.

ಚಾಕಿ ಹುಳುವನ್ನು ನೀವು 27-28 ಡಿಗ್ರಿಯ ಬಿಸಿಯಲ್ಲಿ, ತೇವ ಆರದಂತೆ, ಮಗುವಿನಂತೆ ಮುಚ್ಚಿಟ್ಟು ಸಾಕುತ್ತೀರಿ. ಆದರೆ ನಾಲ್ಕನೇ ಜ್ವರ ಎದ್ದ ಹುಳುವಿಗೆ ಏನು ಮಾಡುತ್ತೀರಿ? ಕಿಟಕಿ ತೆಗೆಯುತ್ತೀರಿ. 24-25 ಡಿಗ್ರಿ ಇದ್ದರೆ ಸಾಕು, ಗಾಳಿ ಮಾತ್ರ ಆಡಲೇಬೇಕು. ಆಡದಿದ್ದರೆ ತಟ್ಟೆ ಬೆವರುತ್ತದೆ, ಸೊಪ್ಪು ಹಳಸುತ್ತದೆ, ಬೆಳೆ ಕೈಕೊಡುತ್ತದೆ. ಇದನ್ನು ಯಾವ ಡಾಕ್ಟರೂ ನಿಮಗೆ ಹೇಳಿಕೊಡಬೇಕಾಗಿಲ್ಲ.

ಅದೇ ಮನೆಯಲ್ಲಿ ಬಾಣಂತಿ ಇದ್ದರೆ? ಕಿಟಕಿಗೆ ಗೋಣಿಚೀಲ, ಬಾಗಿಲ ಸಂದಿಗೆ ಹಳೇ ಸೀರೆ, ಗವಾಕ್ಷಿಗೆ ಬಟ್ಟೆಯ ಉಂಡೆ, ಮಂಚದ ಕೆಳಗೆ ಕೆಂಡದ ಬಾಣಲೆ. ಹುಳುವಿಗೆ ಬೇಕಾದ ಗಾಳಿ ಹಸುಗೂಸಿಗೆ ಬೇಡವೇ ಎಂದು ಕೇಳಿದರೆ, "ಥಂಡಿ ಹೊಡೀತದೆ ಸಾರ್, ಸನ್ನಿ ಆಯ್ತದೆ" ಎನ್ನುತ್ತೀರಿ. ಈ ಮಾತನ್ನು ನಾನು ನಗೆಯಾಡುವುದಿಲ್ಲ. ಹುಟ್ಟಿದ ಮಗುವಿಗೆ ಚಳಿ ನಿಜವಾಗಿಯೂ ಅಪಾಯ. ಆ ಭಯದ ಹಿಂದೆ ಎಷ್ಟೋ ತಾಯಂದಿರು ಕಂಡ ಸಾವುನೋವು ಇದೆ. ನಾನು ಹೇಳುವುದು ಇಷ್ಟೇ: ಬೆಚ್ಚಗಿಡುವುದು ಬೇರೆ, ಗಾಳಿ ಕಟ್ಟುವುದು ಬೇರೆ. ಎರಡನ್ನೂ ಒಂದೇ ಎಂದು ತಿಳಿದಿರುವುದರಿಂದಲೇ ತೊಂದರೆ ಬರುತ್ತಿದೆ.

ಕೆಲವು ವರ್ಷಗಳ ಹಿಂದೆ, ಒಂದು ಜನವರಿಯ ನಸುಕಿನಲ್ಲಿ, ಹನ್ನೆರಡು ದಿನದ ಕೂಸು ಮತ್ತು ಅದರ ತಾಯಿಯನ್ನು ಗೂಡ್ಸ್ ಆಟೋದಲ್ಲಿ ಕರೆತಂದರು. ತಾಯಿಗೆ ವಿಪರೀತ ತಲೆನೋವು, ವಾಂತಿ, ಕೇಳಿದ್ದಕ್ಕೆ ತಡೆತಡೆದು ಉತ್ತರ. ಮಗು ಮೊಲೆ ಹಿಡಿಯುತ್ತಿರಲಿಲ್ಲ. ಮನೆಯವರೆಲ್ಲ ಸನ್ನಿ ಎಂದೇ ನಿರ್ಧರಿಸಿ, ರಾತ್ರಿ ಇನ್ನೂ ಎರಡು ಬೊಗಸೆ ಇದ್ದಿಲು ಹಾಕಿದ್ದರಂತೆ. ಬೆರಳಿಗೆ ಕ್ಲಿಪ್ ಹಾಕಿ ನೋಡಿದರೆ ಆಮ್ಲಜನಕ 98 ಎಂದು ತೋರಿಸುತ್ತಿತ್ತು. ಆ ಸಂಖ್ಯೆ ನೋಡಿ ನಾವೂ ಒಂದು ಕ್ಷಣ ಮೋಸ ಹೋಗುವವರೇ. ಅಷ್ಟರಲ್ಲಿ ಜೊತೆಗೆ ಬಂದಿದ್ದ ಅಜ್ಜಿ ಗೋಡೆಗೆ ಒರಗಿ ಕೂತು, "ನಂಗೂ ತಲೆ ಸಿಡೀತಾ ಅದೆ ಕನಪ್ಪ" ಎಂದರು. ಅಜ್ಜಿಗೆ ಬಾಣಂತಿ ಸನ್ನಿ ಬರಲು ಸಾಧ್ಯವೇ? ಒಂದೇ ಕೋಣೆಯಲ್ಲಿ ಮಲಗಿದ ಮೂವರಿಗೂ ಒಂದೇ ಹೊತ್ತಿನಲ್ಲಿ ತಲೆ ತಿರುಗಿದರೆ ಅದು ಗಾಳಿಯ ತೊಂದರೆ. ಇದ್ದಿಲಿನ ವಿಷಗಾಳಿ, ಕಾರ್ಬನ್ ಮೊನಾಕ್ಸೈಡ್.

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಸುವುದಿಲ್ಲ, ಕೆಮ್ಮು ತರಿಸುವುದಿಲ್ಲ. ಹೊಗೆಯಾದರೂ ಪರವಾಗಿಲ್ಲ, ಬಂದಿದ್ದೇನೆ ಎಂದು ಹೇಳಿಕೊಂಡು ಬರುತ್ತದೆ. ಹೊಗೆಯಾಡದ ಕೆಂಡ ಒಳ್ಳೆಯದು ಎಂದು ನಾವು ನಂಬಿದ್ದೇವೆ. ಆ ಕೆಂಪು ಕೆಂಡದಿಂದಲೇ ಈ ಅನಿಲ ಹೊರಡುವುದು. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳಲ್ಲೆಲ್ಲ ಬೇರೆಯವರು ಕುಳಿತುಬಿಟ್ಟ ಹಾಗೆ. ಬಸ್ಸು ತುಂಬಿದೆ, ಆದರೆ ನಮ್ಮೂರಿನವರು ಒಬ್ಬರೂ ಇಲ್ಲ. ಬೆರಳಿನ ಕ್ಲಿಪ್ಪಿಗೆ ಸೀಟು ತುಂಬಿರುವುದಷ್ಟೇ ಕಾಣುತ್ತದೆ, ಕುಳಿತವರು ಯಾರೆಂದು ಕಾಣುವುದಿಲ್ಲ. ಮೂವರಿಗೂ ಮಾಸ್ಕಿನಿಂದ ಹೆಚ್ಚು ಪ್ರಮಾಣದ ಆಮ್ಲಜನಕ ಕೊಟ್ಟೆವು. ಸಂಜೆಯ ಹೊತ್ತಿಗೆ ಮಗು ಹಾಲು ಕುಡಿಯಿತು. ಇನ್ನೊಂದೆರಡು ಗಂಟೆ ತಡವಾಗಿದ್ದರೆ ನಾನು ಈ ಕಥೆಯನ್ನು ಇಲ್ಲಿ ಹೇಳುತ್ತಿರಲಿಲ್ಲ.

ಹಾಗಾದರೆ ನಮ್ಮ ಹಿಂದಿನವರು ಕೆಂಡ ಇಡುತ್ತಿರಲಿಲ್ಲವೇ, ಅವರಿಗೆಲ್ಲ ಏನೂ ಆಗಲಿಲ್ಲವಲ್ಲ ಎಂದು ಕೇಳಬಹುದು. ಆಗುತ್ತಿತ್ತು, ಆದರೆ ಇಷ್ಟು ಬೇಗ ಆಗುತ್ತಿರಲಿಲ್ಲ. ಕಾರಣ ಮನೆ. ನಿಮ್ಮೂರುಗಳಲ್ಲಿ ಇನ್ನೂ ಉಳಿದಿರುವ ತೊಟ್ಟಿ ಮನೆಯನ್ನು ನೆನೆಸಿಕೊಳ್ಳಿ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ದಪ್ಪ ಗೋಡೆ ಹಗಲಿನ ಬಿಸಿಲನ್ನು ನಿಧಾನವಾಗಿ ಕುಡಿದು ರಾತ್ರಿ ನಿಧಾನವಾಗಿ ಬಿಡುತ್ತದೆ. ಅದಕ್ಕೇ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಹೆಂಚುಗಳ ಸಂದಿಯಿಂದ ಹೊಗೆ ತಾನಾಗಿ ಹೊರಗೆ ಹೋಗುತ್ತದೆ, ನಡುವಿನ ತೊಟ್ಟಿ ಮನೆಯ ಮೂಗಿನ ಹಾಗೆ ಉಸಿರಾಡುತ್ತದೆ. ಅಂದರೆ ಬೆಚ್ಚಗಿಡುವ ಕೆಲಸ ಗೋಡೆಯದು, ಗಾಳಿಯ ಕೆಲಸ ಮಾಡಿನದು. ಎರಡೂ ಒಂದಕ್ಕೊಂದು ಅಡ್ಡ ಬರುತ್ತಿರಲಿಲ್ಲ. ಹಳೇ ಅಡುಗೆಮನೆಯೆಲ್ಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಒಲೆಯ ಮುಂದೆ ಕೂತು ಕಣ್ಣು ಒರೆಸಿಕೊಂಡೇ ನಮ್ಮ ಅಜ್ಜಿಯರು ಮುದುಕಿಯರಾದರು. ಆದರೆ ಮಲಗುವ ಜಾಗಕ್ಕೆ ಒಂದಿಷ್ಟು ಹೊಸ ಗಾಳಿ ಸಿಗುತ್ತಿತ್ತು.

ಈಗ ನಾಲ್ಕೈದು ಅಂಗುಲದ ಆರ್‌ಸಿಸಿ ತಾರಸಿ. ಅದು ಹಗಲೆಲ್ಲ ಕಾದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಬಿಸಿಯನ್ನು ಕೆಳಗೆ ಬಿಡುತ್ತದೆ. ಇಲ್ಲವೇ ಶೀಟಿನ ಮನೆ, ಬಿಸಿಲು ಬಂದರೆ ಬಾಣಲೆ, ಇಬ್ಬನಿ ಬಿದ್ದರೆ ತಣ್ಣನೆ ಕಬ್ಬಿಣ. ಸಂದಿಯಿಲ್ಲ, ಗವಾಕ್ಷಿಯಿಲ್ಲ. ಕಿಟಕಿಗೆ ಗಾಜು, ಗಾಜಿನ ಮೇಲೆ ಪರದೆ, ಪರದೆಯ ಮುಂದೆ ಬೀರು.

ಬೇರೆಯವರನ್ನು ಅನ್ನುವ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಊರಿನ ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿಸಿದೆ. ಗವಾಕ್ಷಿ ಇಟ್ಟರೆ ಗುಬ್ಬಿ ಗೂಡು ಕಟ್ಟುತ್ತವೆ, ಧೂಳು ಬರುತ್ತದೆ ಎಂದು ಮೇಸ್ತ್ರಿ ಹೇಳಿದ, ನಾನು ಸರಿ ಎಂದೆ. ಅಡುಗೆಗೆ ಗ್ಯಾಸ್ ಬಂತು, ಆದರೆ ಸ್ನಾನದ ನೀರಿಗೆ ಹಂಡೆ ಒಲೆಯನ್ನು ಬಚ್ಚಲ ಒಳಗೇ ಇಟ್ಟೆವು. ಎರಡನೇ ವರ್ಷದಿಂದ ನಮ್ಮ ತಾಯಿಗೆ ಬೆಳಗಿನ ಕೆಮ್ಮು ಶುರುವಾಯಿತು. ನಾನು ಊರಿಗೆಲ್ಲ ದಮ್ಮಿನ ಔಷಧಿ ಬರೆಯುವವನು, ಕಾರಣವನ್ನು ಎಲ್ಲೆಲ್ಲೋ ಹುಡುಕಿದೆ. ಕೊನೆಗೆ, "ಹಳೇ ಮನೇಲಿ ಹೊಗೆ ಮೇಲಕ್ಕೆ ಹೋಗ್ತಿತ್ತು, ಇಲ್ಲಿ ನನ್ನ ಕೋಣೆಗೇ ಬರ್ತದೆ" ಎಂದು ಅವರೇ ಹೇಳಿದರು. ಒಲೆಯನ್ನು ಹಿತ್ತಲಿಗೆ ಸಾಗಿಸಿ, ಗೋಡೆ ಒಡೆಸಿ ಮೇಲ್ಭಾಗದಲ್ಲಿ ಎರಡು ಗವಾಕ್ಷಿ ಇಡಿಸಿದೆ. ಈಗ ಗುಬ್ಬಿಯೂ ಬರುತ್ತದೆ, ಬರಲಿ.

ಇಂಥ ತಪ್ಪು ಮಾಡಿದವರು ನಾವಷ್ಟೇ ಅಲ್ಲ. 1973ರಲ್ಲಿ ತೈಲದ ಬೆಲೆ ಏರಿದಾಗ ಚಳಿದೇಶಗಳವರು ಮನೆಯ ಬಿಸಿ ಸೋರಿಹೋಗದಂತೆ ಗೋಡೆ, ಕಿಟಕಿಗಳ ಸಂದಿಗಳನ್ನೆಲ್ಲ ಮುಚ್ಚಿದರು, ಗೋಡೆಯೊಳಗೆ ನೊರೆಯಂಥ ವಸ್ತು ತುಂಬಿದರು. ಬಿಸಿ ಉಳಿಯಿತು, ಜೊತೆಗೆ ಒಳಗಿನ ತೇವ, ಬೂಷ್ಟು, ಬಣ್ಣ ಅಂಟುಗಳ ವಾಸನೆಯೂ ಒಳಗೇ ಉಳಿಯಿತು. ಜನ ತಲೆನೋವು, ಗಂಟಲು ಕೆರೆತ, ಉಬ್ಬಸ ಎನ್ನತೊಡಗಿದರು. ಫಾರ್ಮಾಲ್ಡಿಹೈಡ್ ಬಿಡುವ ಒಂದು ಬಗೆಯ ನೊರೆಯನ್ನು ಕೆನಡಾ ದೇಶ 1980ರಲ್ಲಿ ನಿಷೇಧಿಸಬೇಕಾಯಿತು. ಆಮೇಲೆ ಅವರು ಕಲಿತ ಪಾಠವೆಂದರೆ, ಮನೆಯನ್ನು ಎಷ್ಟು ಬಿಗಿಯಾಗಿ ಮುಚ್ಚುತ್ತೇವೋ ಗಾಳಿಗೆ ಅಷ್ಟೇ ಎಚ್ಚರದಿಂದ ದಾರಿ ಬಿಡಬೇಕು ಎಂಬುದು. ಅಲ್ಲಿ ಹೊರಗೆ ಹಿಮ ಬೀಳುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಒಂದೊಂದು ದಿನ ಇನ್ನೂ ಕಡಿಮೆ. ಇಷ್ಟು ಚಳಿಗೆ ಕಿಟಕಿಯನ್ನು ಗೋಣಿಯಿಂದ ಹೊಲಿಯುವ ಅಗತ್ಯವಿಲ್ಲ.

ಇನ್ನು ಅಡುಗೆಯ ಒಲೆ. ಇದರ ಬಗ್ಗೆ ಪರದೇಶದ ಲೆಕ್ಕ ಬೇಡ, ನಮ್ಮ ಜಿಲ್ಲೆಯ ಲೆಕ್ಕವೇ ಇದೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳ ಕೆಮ್ಮು ಕಫಗಳನ್ನೂ ಅವರು ಒಲೆಯ ಮುಂದೆ ಕಳೆದ ಕಾಲವನ್ನೂ ಕೂಡಿಸಿ ನೋಡಿ, 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೆಕ್ಕ ಸುಲಭ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯಲ್ಲಿ ಅಡುಗೆ ಮಾಡುತ್ತೀರೋ ಅದನ್ನು, ಎಷ್ಟು ವರ್ಷದಿಂದ ಮಾಡುತ್ತಿದ್ದೀರೋ ಅದರಿಂದ ಗುಣಿಸಿ. ಬಂದ ಸಂಖ್ಯೆ 60ಕ್ಕೆ ಮುಟ್ಟಿದರೆ ದೀರ್ಘಕಾಲದ ಕಫದ ಕೆಮ್ಮಿನ ಅಪಾಯ ಗುರುತಿಸುವಷ್ಟು ಏರುತ್ತದೆ ಎಂದು ಅವರು ಕಂಡುಕೊಂಡರು. ಹದಿನೆಂಟಕ್ಕೆ ಮದುವೆಯಾಗಿ ಬಂದ ಹುಡುಗಿ ದಿನಕ್ಕೆ ಮೂರು ಗಂಟೆ ಒಲೆ ಮುಂದೆ ಕೂತರೆ ಮೂವತ್ತೆಂಟಕ್ಕೆ 60 ಮುಟ್ಟುತ್ತಾಳೆ. ಇನ್ನೂ ಮಕ್ಕಳ ಮದುವೆಯೂ ಆಗಿರುವುದಿಲ್ಲ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೆ ದಮ್ಮು ಯಾಕೆ ಬರುತ್ತದೆ ಎಂಬ ಪ್ರಶ್ನೆಗೆ ಇದೇ ಉತ್ತರ. ಇಲ್ಲಿರುವ ತಾಯಂದಿರು ಮನಸ್ಸಿನಲ್ಲೇ ಗುಣಿಸಿಕೊಳ್ಳಿ. ಗಂಡಸರು ನಿಮ್ಮ ತಾಯಿಯ, ಹೆಂಡತಿಯ ಲೆಕ್ಕ ಹಾಕಿ.

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಗ್ಯಾಸ್ ಇಲ್ಲದ ಮನೆಗಳು ಕಡಿಮೆಯಾಗಿವೆ. ಆದರೆ ಎಷ್ಟೋ ಮನೆಯಲ್ಲಿ ಸಿಲಿಂಡರು ಕಾಫಿಗೆ ಮತ್ತು ನೆಂಟರಿಗೆ. ಮುದ್ದೆ, ಅನ್ನ, ಹಂಡೆ ನೀರು ಸೌದೆಗೆ. ದುಡ್ಡಿನ ಕಷ್ಟ ನನಗೆ ಗೊತ್ತು. ಸೌದೆ ಬಿಡಲಾಗದಿದ್ದರೆ ಒಲೆಗೆ ಹೊಗೆಕೊಳವೆ ಇಡಿಸಿ, ಇಲ್ಲವೇ ಒಲೆಯನ್ನೇ ಹೊರಗಿನ ಚಪ್ಪರಕ್ಕೆ ತನ್ನಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೂ ಬಂದಿತ್ತು, ಹಿರಿಯರಿಗೆ ನೆನಪಿರಬೇಕು. ಕೊಳವೆಯೊಳಗಿನ ಮಸಿ ಕೆರೆಯುವವರಿಲ್ಲದೆ ಬಹಳ ಕಡೆ ಅದು ಕೆಟ್ಟಿತೇ ಹೊರತು ಒಲೆಯ ತಪ್ಪಿನಿಂದಲ್ಲ. ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಕವರು, ಸೈಕಲ್ ಟ್ಯೂಬಿನ ತುಂಡು ಹಾಕುವ ಅಭ್ಯಾಸವಿದೆ. ದಯವಿಟ್ಟು ಇವತ್ತೇ ಬಿಡಿ. ಗ್ಯಾಸ್ ಗೀಸರ್ ಇರುವವರು ಅದನ್ನು ಬಚ್ಚಲ ಹೊರಗಿನ ಗೋಡೆಗೆ ಹಾಕಿಸಿ. ಮುಚ್ಚಿದ ಬಚ್ಚಲಲ್ಲಿ ಸ್ನಾನಕ್ಕೆ ಹೋದವರು ಪ್ರಜ್ಞೆ ತಪ್ಪುವುದು, ಪ್ರಾಣ ಬಿಡುವುದು ಇದೇ ಕಾರ್ಬನ್ ಮೊನಾಕ್ಸೈಡಿನಿಂದ.

ಸೊಳ್ಳೆಬತ್ತಿಯ ವಿಷಯ ಒಂದೇ ಮಾತು. 2003ರಲ್ಲಿ ಪ್ರಕಟವಾದ ಒಂದು ಸಂಶೋಧನೆಯ ಪ್ರಕಾರ ಒಂದು ಬತ್ತಿ ಪೂರ್ತಿ ಉರಿದರೆ ಹೊರಡುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು. ಕಿಟಕಿ ಮುಚ್ಚಿ, ಬತ್ತಿ ಹಚ್ಚಿ, ಮಗುವನ್ನು ಪಕ್ಕದಲ್ಲಿ ಮಲಗಿಸಿದರೆ ಏನಾಗುತ್ತದೆಂದು ನೀವೇ ಊಹಿಸಿ. ಕಿಟಕಿಗೆ ಜಾಲರಿ, ಮಂಚಕ್ಕೆ ಸೊಳ್ಳೆಪರದೆ ಸಾಕು.

ಈಗ ಮನೆಯನ್ನು ಬಿಸಿಲಿನಿಂದ, ಚಳಿಯಿಂದ ಕಾಯುವುದು ಹೇಗೆ ಎಂಬ ಮಾತಿಗೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಮಾಡನ್ನು ನೋಡಿ, ಏಕೆಂದರೆ ಬಿಸಿಲು ಬೀಳುವುದು ಅದರ ಮೇಲೆ. ತಾರಸಿಗೆ ಬೇಸಿಗೆಗೆ ಮುಂಚೆ ದಪ್ಪಗೆ ಬಿಳಿ ಸುಣ್ಣ ಬಳಿಯಿರಿ. ಖರ್ಚು ಕಡಿಮೆ, ಒಳಗಿನ ಸೆಕೆ ಕಡಿಮೆಯಾಗುವುದು ನಿಮಗೇ ಗೊತ್ತಾಗುತ್ತದೆ. ಹೊಸದಾಗಿ ಕಟ್ಟುವವರು ತಾರಸಿಯ ಮೇಲೆ ಮಣ್ಣಿನ ಬಿಲ್ಲೆ ಹಾಸಿಸಿ. ಶೀಟಿನ ಮನೆಗೆ ಒಳಗಡೆ ಬಿದಿರ ತಟ್ಟಿಯ ಅಟ್ಟ ಕಟ್ಟಿ, ಶೀಟಿಗೂ ತಟ್ಟಿಗೂ ನಡುವೆ ಒಂದು ಅಡಿ ಜಾಗ ಬಿಟ್ಟು, ಎರಡೂ ಕೊನೆಯಲ್ಲಿ ಗಾಳಿ ಓಡಾಡಲು ತೆರೆದಿಡಿ. ಇತ್ತೀಚೆಗೆ ಶೀಟಿನ ಕೆಳಗೆ ಥರ್ಮೋಕೋಲ್ ಅಂಟಿಸುವುದು ಕಾಣುತ್ತಿದೆ. ಸೆಕೆ ತಗ್ಗುವುದು ನಿಜ, ಆದರೆ ಒಂದು ಕಿಡಿ ತಾಗಿದರೆ ಅದು ಕರಗಿ ಉರಿಯುತ್ತಾ ಮೈಮೇಲೆ ಬೀಳುತ್ತದೆ, ಕಪ್ಪು ವಿಷಹೊಗೆ ಮನೆ ತುಂಬುತ್ತದೆ. ಒಲೆಯಿರುವ, ದೀಪ ಹಚ್ಚುವ ಕೋಣೆಯಲ್ಲಿ ಅದು ಖಂಡಿತ ಬೇಡ.

ಆಸ್ಬೆಸ್ಟಾಸ್ ಶೀಟಿನ ಬಗ್ಗೆ ಹೆದರಿಕೊಂಡು ಕೇಳುವವರಿದ್ದಾರೆ. ಯುರೋಪಿನ ದೇಶಗಳ ಒಕ್ಕೂಟ 2005ರಿಂದ ಅದನ್ನು ನಿಷೇಧಿಸಿದೆ, ನಮ್ಮಲ್ಲಿ ಇನ್ನೂ ಮಾರಾಟದಲ್ಲಿದೆ. ಮೇಲೆ ಸುಮ್ಮನೆ ಕೂತಿರುವ ಗಟ್ಟಿ ಶೀಟಿನಿಂದ ಅಪಾಯ ಕಡಿಮೆ. ಅದನ್ನು ಕೊಯ್ದಾಗ, ತೂತು ಹಾಕಿದಾಗ, ಪಾಚಿ ಹೋಗಲೆಂದು ಬ್ರಷ್ಷಿನಿಂದ ಉಜ್ಜಿದಾಗ, ಒಡೆದ ತುಂಡನ್ನು ಪುಡಿಮಾಡಿ ಅಂಗಳಕ್ಕೆ ಹಾಕಿದಾಗ ಅದರ ಕಣ್ಣಿಗೆ ಕಾಣದ ನಾರು ಎದೆಗೆ ಸೇರುತ್ತದೆ. ರೋಗ ಕಾಣುವುದು ಇಪ್ಪತ್ತು ಮೂವತ್ತು ವರ್ಷಗಳ ಮೇಲೆ. ತೆಗೆಸುವುದಾದರೆ ನೀರು ಚಿಮುಕಿಸಿ, ಮುರಿಯದೆ ಇಡೀ ಶೀಟನ್ನೇ ಇಳಿಸಿ.

ಕಪಿಲೆಯ ದಂಡೆಯ ಊರಿನವರಿಗೆ ಇನ್ನೊಂದು ತೊಂದರೆ ಇದೆ, ತೇವ. 2018 ಮತ್ತು 2019ರ ಆಗಸ್ಟ್ ಪ್ರವಾಹ ನಂಜನಗೂಡಿನವರಿಗೆ ಮರೆತಿರಲಾರದು. ನೀರು ಇಳಿದ ಮೇಲೆ ಗೋಡೆಯ ಬುಡದಲ್ಲಿ ಕಪ್ಪು ಬೂಷ್ಟು ಹತ್ತುತ್ತದೆ. ಅದನ್ನು ಮುಚ್ಚಲು ಕೆಲವರು ಪ್ಲಾಸ್ಟಿಕ್ ಹಾಳೆ ಹೊಡೆಯುತ್ತಾರೆ, ಮೇಲೆ ಪೇಂಟು ಬಳಿಯುತ್ತಾರೆ. ಗೋಡೆಯ ಬೆವರು ಹೊರಬರಲಾಗದೆ ಒಳಗೇ ಕೊಳೆಯುತ್ತದೆ, ಬೂಷ್ಟಿನ ಪುಡಿ ಗಾಳಿಗೆ ಬರುತ್ತದೆ, ಮಕ್ಕಳಿಗೆ ಉಬ್ಬಸ ಹೆಚ್ಚುತ್ತದೆ. ಪ್ಲಾಸ್ಟಿಕ್ ಕಿತ್ತುಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ, ಬಾಗಿಲು ಕಿಟಕಿ ತೆರೆದು ಚೆನ್ನಾಗಿ ಒಣಗಿಸಿ, ಆಮೇಲೆ ಸುಣ್ಣ ಹೊಡೆಯಿರಿ. ಮಣ್ಣಿನ ಗೋಡೆಗೆ ಸುಣ್ಣವೇ ಸರಿ. ಹಾಸಿಗೆ, ಕಂಬಳಿ, ದಿಂಬನ್ನು ವಾರಕ್ಕೊಮ್ಮೆ ಬಿಸಿಲಿಗೆ ಹಾಕುವುದು ನಿಮ್ಮ ಅಜ್ಜಿಯ ಕಾಲದ ಪದ್ಧತಿ. ಧೂಳಿನ ಸಣ್ಣ ಹುಳುಗಳಿಗೆ ತೇವ ಬೇಕು, ಬಿಸಿಲು ಆಗದು.

ಮತ್ತೆ ಬಾಣಂತಿ ಕೋಣೆಗೆ ಬರುತ್ತೇನೆ, ನನ್ನ ಮನಸ್ಸಿರುವುದು ಅಲ್ಲೇ. ಕೆಂಡ ಬೇಡ ಎಂದರೆ ಮಗುವನ್ನು ಬೆಚ್ಚಗಿಡುವುದು ಹೇಗೆ? ತಾಯಿಯ ಎದೆಗಿಂತ ಬೆಚ್ಚಗಿನ ಜಾಗ ಇಲ್ಲ. ಮಗುವಿಗೆ ಟೋಪಿ, ಕಾಲುಚೀಲ ಹಾಕಿ, ಬರಿಮೈಯನ್ನು ತಾಯಿಯ ಬರಿಮೈಗೆ ಒರಗಿಸಿ, ಇಬ್ಬರಿಗೂ ಸೇರಿ ಮೇಲೆ ಒಂದು ದುಪ್ಪಟಿ ಹೊದಿಸಿ. ಮಗುವಿನ ಮೂಗು ಬಾಯಿ ತೆರೆದಿರಲಿ, ತಾಯಿ ಎಚ್ಚರವಾಗಿರಲಿ. ಆಸ್ಪತ್ರೆಯಲ್ಲಿ ಇದನ್ನು ಕಾಂಗರೂ ಆರೈಕೆ ಎನ್ನುತ್ತೇವೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ, ಕಡಿಮೆ ತೂಕದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದೆ ಹೋದಾಗ ವೈದ್ಯರು ಶುರುಮಾಡಿದ್ದು. ಗಾಳಿ ನೇರವಾಗಿ ಮಂಚಕ್ಕೆ ಬೀಸದ ಹಾಗೆ ಮಂಚವನ್ನು ಸರಿಸಿ, ಕಿಟಕಿಯನ್ನಲ್ಲ. ಕೆಳಗಿನ ಕದ ಮುಚ್ಚಿ, ಮೇಲಿನ ಕದ ಒಂದು ಗೇಣು ತೆರೆದಿಡಿ. ಎಣ್ಣೆನೀರಿನ ಬಿಸಿನೀರನ್ನು ಹೊರಗೆ ಕಾಯಿಸಿ ತನ್ನಿ. ಕೂದಲು ಆರಿಸಲು ಸಾಂಬ್ರಾಣಿ ಹೊಗೆ ಹಾಕುತ್ತೀರಿ. ಒಣ ಟವೆಲ್ಲು ಆ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಸೊಸೆಯಂದಿರು ಬೇಗ ಒಪ್ಪುತ್ತಾರೆ. ಅತ್ತೆಯಂದಿರನ್ನು ಒಪ್ಪಿಸಲೆಂದೇ ಇವತ್ತು ಇಷ್ಟು ಮಾತಾಡಿದೆ.

ಮನೆಗೆ ಹೋದ ಮೇಲೆ ಮಗು ಮಲಗಿರುವಾಗ ಹೊಟ್ಟೆ ಏರಿಳಿಯುವುದನ್ನು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳ ಒಳಗಿನ ಮಗು ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನದು 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ್ದು 40 ಅಥವಾ ಹೆಚ್ಚು ಉಸಿರಾಡಿದರೆ, ಇಲ್ಲವೇ ಪಕ್ಕೆ ಒಳಗೆ ಸೆಳೆದುಕೊಂಡರೆ, ಹಾಲು ಬಿಟ್ಟರೆ ಬೆಳಗಾಗಲೆಂದು ಕಾಯಬೇಡಿ. ದೊಡ್ಡವರಲ್ಲಿ ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಕ್ಷಯದ ರೋಗಾಣು ಮುಚ್ಚಿದ ಕೋಣೆಯ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಹೊಸ ಗಾಳಿ ಬಂದರೆ ಚದುರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಪರೀಕ್ಷೆಯೂ ಔಷಧಿಯೂ ಉಚಿತ.

ಎಡಗಡೆಯ ಶಾಮಿಯಾನದಲ್ಲಿ ಊದುವ ಪರೀಕ್ಷೆಯ ಯಂತ್ರ ಇಟ್ಟಿದ್ದೇವೆ. ನೋವಿಲ್ಲ, ಸೂಜಿಯಿಲ್ಲ, ಎದೆ ತುಂಬ ಉಸಿರೆಳೆದು ಜೋರಾಗಿ ಊದಬೇಕು ಅಷ್ಟೆ. ಈಗ ಗುಣಿಸಿದಾಗ 60 ದಾಟಿದ ತಾಯಂದಿರು ಮೊದಲು ಬನ್ನಿ, ನಿಮ್ಮ ಸಂಖ್ಯೆಯನ್ನು ಮೇಜಿನ ಬಳಿ ಇರುವ ಸಿಸ್ಟರ್‌ಗೆ ಹೇಳಿ ಚೀಟಿಯ ಮೇಲೆ ಬರೆಸಿ. ಗಂಡಸರ ಸಾಲು ಊಟದ ನಂತರ.